ಕಂತು ಮುನ್ನೂರ ಹನ್ನೊಂದು

ಸಿನಿಮಾ ಹೆಸರು ನೋಂದಾಯಿಸುವ ಕಚೇರಿಯ ಗುಮಾಸ್ತರದು ಮೂಗಿನಲ್ಲೇ ಮಾತು. ನನ್ನ ಅರ್ಜಿಯನ್ನು ಕನ್ನಡಕದ ಕೆಳಗಿಂದ ಓದಿ, ದಪ್ಪ ಪುಸ್ತಕ ತಿರುವಿ, ಶವಪರೀಕ್ಷೆಯ ವರದಿ ಒಪ್ಪಿಸುವವರಂತೆ ಹೇಳಿದರು:

“‘ಎದುರುಮನೆಯ ಬೀಗ’ ಆಗಲ್ಲ. ‘ಎದುರುಮನೆ ಬೀಗ’ ಅಂತ ಆಗ್ಲೇ ಇದೆ. ಧಾರಾವಾಹಿ, ಕಂತು ಮುನ್ನೂರ ಹನ್ನೊಂದು.”

“ಸಾರ್, ನಂದು ಸಿನಿಮಾ. ಅದು ಯಾವುದೋ ಒಂದು ಸಂಜೆ ಬಂದುಹೋದ ಕಂತು.”

“ಇಲ್ಲಿ ಎರಡಕ್ಕೂ ಒಂದೇ ಪುಸ್ತಕ.”

“‘ಬೀಗದ ಮನೆ’?”

“ಮುನ್ನೂರ ಹನ್ನೆರಡು.”

“ಸುಮ್ನೆ ‘ಬೀಗ’ ಅಂತಿಟ್ರೆ?”

“ಇಪ್ಪತ್ತಾರು. ಅದು ಬೀಗರ ಜಗಳದ್ದು. ಆದ್ರೂ ಹೆಸರು ಹೆಸರೇ.”

ಎರಡು ವರ್ಷ ಬೆವರು ಸುರಿಸಿದ ನನ್ನ ಮೊದಲ ಸಿನಿಮಾ ಶುಕ್ರವಾರ ತೆರೆಗೆ ಬರಬೇಕು. ಇವತ್ತು ಸಂಜೆ ಐದರೊಳಗೆ ಹೆಸರಿನ ಪತ್ರ ತೋರಿಸದಿದ್ದರೆ ಚಿತ್ರಮಂದಿರದವರು ನನ್ನ ಜಾಗದಲ್ಲಿ ಬೇರೊಬ್ಬರ ಸಿನಿಮಾ ಕೂರಿಸುತ್ತಾರೆ.

“ಮೊದಲು ಬರೆಸಿದವರು ಒಪ್ಪಿಗೆ ಕೊಟ್ರೆ ಆಯ್ತು,” ಎಂದರು ಗುಮಾಸ್ತರು. “ಧಾರಾವಾಹಿ ಬರೆಯೋ ಆಯಮ್ಮ ನಾಲ್ಕು ಸಾವಿರ ಕಂತಿಗೂ ಹೆಸರಿಟ್ಟು, ಒಂದೂ ಬಿಡದೆ ಇಲ್ಲಿ ಬರೆಸಿದಾರೆ. ಭಾಷೇಲಿ ಇನ್ನು ಉಳಿದಿರೋ ಪದಗಳೇ ಕಮ್ಮಿ. ಪರಿಚಯ ಇದೆಯಾ?”

ಇತ್ತು. ಆಯಮ್ಮ ನನ್ನ ದೊಡ್ಡಮ್ಮ.

ಮನೆಗೆ ಓಡಿದಾಗ ದೊಡ್ಡಮ್ಮ ಊಟದ ಮೇಜಿನ ತುಂಬ ಹಾಳೆ ಹರಡಿಕೊಂಡು ಬರೆಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸ್ವಲ್ಪ ಇರು. ಮಾವನ್ನ ಕೋಮಾದಿಂದ ಎಬ್ಬಿಸ್ತಾ ಇದೀನಿ.”

“ಯಾಕೆ ಮಲಗಿಸಿದ್ದೆ?”

“ನಟ ಮೀಸೆ ಬೋಳಿಸ್ಕೊಂಡು ಬಂದಿದ್ದ. ಬೆಳೆಯೋ ತನಕ ಮುಖಕ್ಕೆ ಆಕ್ಸಿಜನ್ ಮಾಸ್ಕು.”

ಬಂದ ಕೆಲಸ ಹೇಳಿದೆ.

“ಸಹಿ ತಾನೇ, ಹಾಕೋಣ. ಮೊದಲು ಕಥೆ ಹೇಳು.”

ಹೇಳಿದೆ. ಪತ್ರಿಕೆಯವರಿಗೆ ಹೇಳುವ ದನಿಯಲ್ಲೇ, ಕನಸಿನಲ್ಲಿ ಹೊಳೆದದ್ದು ಎಂಬ ಮುನ್ನುಡಿ ಸಮೇತ. ಒಬ್ಬ ಮುದುಕ. ಎದುರುಮನೆಗೆ ಬಿದ್ದ ಬೀಗವನ್ನು ದಿನಾ ಕಿಟಕಿಯಿಂದ ನೋಡುತ್ತಾನೆ. ಅಲ್ಲಿದ್ದವಳು ಎಲ್ಲಿ ಹೋದಳೆಂದು ಬೀದಿಯವರನ್ನೆಲ್ಲ ಕೇಳುತ್ತಾನೆ...

“ಕೊನೆಗೆ ಬೀಗದಕೈ ಅವನ ಜೇಬಲ್ಲೇ ಇರತ್ತೆ,” ಎಂದಳು ದೊಡ್ಡಮ್ಮ. “ಅವಳು ಅವನ ಹೆಂಡ್ತಿ. ತೀರ್ಕೊಂಡಿದ್ದು ಮರೆತಿರ್ತಾನೆ.”

“ನಿಂಗೆ ಹೇಗೆ ಗೊತ್ತು?”

“ಮುನ್ನೂರ ಹನ್ನೊಂದು ಕಣೋ. ಆಗ ನೀನು ಏಳನೇ ಕ್ಲಾಸು. ಇದೇ ಸೋಫಾದಲ್ಲಿ ಕೂತು ಗೊಳೋ ಅಂತ ಅತ್ತು, ಮೂಗನ್ನ ನನ್ನ ಹೊಸ ದಿಂಬಿಗೆ ಒರೆಸಿದ್ದೆ.”

ನಾನು ಕದ್ದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕದ್ದವನು ಏಳನೇ ಕ್ಲಾಸಿನ ಆ ಹುಡುಗ. ಸಿಕ್ಕಿಬಿದ್ದವನು ಮಾತ್ರ ನಾನು.

ನಾಲ್ಕೂಕಾಲು. ಆ ದಪ್ಪ ಪುಸ್ತಕಕ್ಕೆ ಬೇಕಿದ್ದದ್ದು ಹೆಸರಿನ ಒಪ್ಪಿಗೆ ಅಷ್ಟೇ. ಕಥೆ ಯಾರದೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ದೊಡ್ಡಮ್ಮನೂ ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನನ್ನೇ ನೋಡುತ್ತಿದ್ದಳು.

ಚೀಲದಿಂದ ಪೋಸ್ಟರಿನ ಕರಡು ತೆಗೆದೆ. ‘ಕಥೆ, ಚಿತ್ರಕಥೆ, ನಿರ್ದೇಶನ’ ಎಂದು ನನ್ನ ಹೆಸರಿತ್ತು, ನಾಯಕನ ತಲೆಗಿಂತ ದಪ್ಪ ಅಕ್ಷರದಲ್ಲಿ. ‘ಕಥೆ’ಯನ್ನು ಹೊಡೆದುಹಾಕಿ ಮೇಲೆ ಬೇರೆಯಾಗಿ ಬರೆದು, ಅದರ ಮುಂದೆ ಅವಳ ಹೆಸರು ಸೇರಿಸಿದೆ.

ಅವಳು ಕರಡನ್ನು ದೂರ ಹಿಡಿದು ಎರಡು ಸಲ ಓದಿದಳು.

“ಚಿತ್ರಕಥೆಗೂ ನಿನ್ನ ಹೆಸರೇ ಹಾಕ್ಲಾ?” ಎಂದೆ.

“ಕೊನೇಲಿ ಹಾಡು ಇದೆಯಾ?”

“ಇದೆ. ಮುದುಕನ ಕನಸಲ್ಲಿ. ಹದಿನಾರು ಜನ ಕುಣೀತಾರೆ.”

“ಹಾಗಾದ್ರೆ ಬೇಡಪ್ಪ. ಅದು ನಿಂದೇ ಇರಲಿ,” ಎಂದು ದೊಡ್ಡಮ್ಮ ಸಹಿ ಹಾಕಿದಳು.