ಗಾಡಿ ಬಾರದ ರಸ್ತೆ

ತಂಬಿಗೆಯಿಂದ ನೀರು ಸುರಿಯುತ್ತಿದ್ದ ಗಿರಿಜಾಳ ಕೈ ಸ್ವರ್ಣಲತಾಳ ಮೊಣಕಾಲಿನ ಬಳಿ ಬಂದು ನಿಂತಿತು. ಅಲ್ಲಿ ಹಕ್ಕಳೆ ಕಟ್ಟಿದ ಗಾಯವಿತ್ತು. ಓಡಿ ಬಿದ್ದ ಶಾಲೆ ಮಕ್ಕಳ ಕಾಲಿನಲ್ಲಿ ಇರುವಂಥದ್ದು. ಐವತ್ತೇಳು ದಾಟಿದ ನಾದಿನಿಯ ಕಾಲಿನಲ್ಲಿ ಅದೇಕೆ ಇದೆಯೆಂದು ಅವಳಿಗೆ ತಿಳಿಯಲಿಲ್ಲ.

"ಇದೆಂತ ಗಾಯ?" ಎಂದು ಕೇಳಿದಳು.

ಹಂಡೆಯಿಂದ ನೀರು ತಂದುಕೊಡುತ್ತಿದ್ದ ಆನ್ಸಿಲ್ಲಾ ತಗ್ಗಿದ ದನಿಯಲ್ಲಿ ಹೇಳಿದಳು. "ಸೈಕಲಿನಿಂದ ಬಿದ್ದದ್ದು. ಹೋದ ಆದಿತ್ಯವಾರ, ಘಾಟಿ ಇಳಿಯುವಾಗ."

ಸುತ್ತ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಜಾ ಆ ಜಾಗಕ್ಕೆ ಮೆಲ್ಲಗೆ ನೀರು ಹೊಯ್ದಳು, ನೋವಾದೀತೆಂಬಂತೆ.

ಸ್ವರ್ಣಲತಾ ತೀರಿಕೊಂಡದ್ದು ಹಿಂದಿನ ದಿನ. ಹಿರಿಯಡ್ಕ ಪೇಟೆಯ ತನ್ನ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಮದುವೆಯ ರವಿಕೆಗೆ ಕೊಕ್ಕೆ ಹಾಕುತ್ತಾ ಕುಳಿತಿದ್ದವಳು ಎದೆ ಒತ್ತುತ್ತದೆ ಎಂದಿದ್ದಳು. ಪಕ್ಕದಲ್ಲೇ ಫ್ಯಾನ್ಸಿ ಅಂಗಡಿ ಇಟ್ಟುಕೊಂಡಿದ್ದ ಆನ್ಸಿಲ್ಲಾ ರಿಕ್ಷಾ ಕರೆದು ಬರುವಷ್ಟರಲ್ಲಿ ಮೇಜಿನ ಮೇಲೆ ತಲೆ ಇಟ್ಟಾಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರರಿಗೆ ಮಾಡಲು ಏನೂ ಉಳಿದಿರಲಿಲ್ಲ.

ಗಂಡನಿಗಿಂತ ಮೊದಲು ಹೋದ ಪುಣ್ಯವಂತೆ ಎಂದು ಮುದುಕಿಯೊಬ್ಬಳು ಹೇಳಿದಳು. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ಹಣೆಗೆ ದೊಡ್ಡ ಕುಂಕುಮವಿಟ್ಟು, ಮಲ್ಲಿಗೆ ಮುಡಿಸಿ ಚಾವಡಿಯಲ್ಲಿ ಮಲಗಿಸಿದರು. ಗಂಡ ಭುಜಂಗ ಕಂಬಕ್ಕೆ ಒರಗಿ ನಿಂತಿದ್ದ. ತುಳಸಿ ನೀರು ಬಿಡಲು ಕರೆದಾಗ ಬಂದು ಬಿಟ್ಟು, ಮತ್ತೆ ಅದೇ ಕಂಬದ ಬಳಿಗೆ ಹೋದ.

*

ಭುಜಂಗ ಕುವೈತ್ ಬಿಟ್ಟು ಊರಿಗೆ ಬಂದು ಮೂರು ವರ್ಷವಾಗಿತ್ತು. ಮದುವೆಯಾದ ವರ್ಷವೇ ಹೋದವನು ಅಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾ ತಲೆ ಬೆಳ್ಳಗೆ ಮಾಡಿಕೊಂಡಿದ್ದ. ಎರಡು ವರ್ಷಕ್ಕೊಮ್ಮೆ ರಜೆ. ಮಗಳು ಹುಟ್ಟಿದ್ದು, ನಡೆದದ್ದು, ಶಾಲೆಗೆ ಸೇರಿದ್ದು ಎಲ್ಲವನ್ನೂ ಫೋನಿನಲ್ಲೇ ಕೇಳಿದ್ದ.

ಫೋನಿನಲ್ಲಿ ಗಂಡ ಹೆಂಡತಿ ಚೆನ್ನಾಗಿಯೇ ಮಾತಾಡುತ್ತಿದ್ದರು. ಒಂದೇ ಮನೆಯಲ್ಲಿ ಇರತೊಡಗಿದ ಮೇಲೆ ಮಾತು ನಿಂತಿತು. ಎದುರುಬದುರು ಕುಳಿತು ಉಣ್ಣುವಾಗ ಅವಳ ಮುಖ ನೋಡಲು ಅವನಿಗೆ ಸಂಕೋಚ, ಅವನ ಮುಖ ನೋಡಲು ಅವಳಿಗೆ. ಅಕ್ಕಿ ಮುಗಿದದ್ದು, ಕರೆಂಟ್ ಬಿಲ್ ಬಂದದ್ದು, ಅಷ್ಟೇ. ಒಮ್ಮೆ ಅವಳು ಅಂಗಡಿಯಲ್ಲಿ ಆನ್ಸಿಲ್ಲಾಳ ಜೊತೆ ಗಟ್ಟಿಯಾಗಿ ನಗುವುದು ರಸ್ತೆಯ ಆಚೆ ನಿಂತಿದ್ದ ಭುಜಂಗನಿಗೆ ಕೇಳಿಸಿತ್ತು. ತಾನು ಒಳಗೆ ಹೋದರೆ ಆ ನಗು ನಿಲ್ಲುತ್ತದೆಂದು ಅನಿಸಿ ಅವನು ಹಾಗೇ ಮನೆಗೆ ಹಿಂದಿರುಗಿದ.

ಶುಗರ್ ಇದೆ, ಮೈ ಬಗ್ಗಿಸಿ ಎಂದು ಡಾಕ್ಟರ್ ಹೇಳಿದ ಮೇಲೆ ಗೇರ್ ಇರುವ ಒಂದು ಹಳೆಯ ಸೈಕಲ್ ತಂದ. ಅಂಗಳದಲ್ಲಿ ಒರಗಿಸಿಟ್ಟ ಅದರ ಹ್ಯಾಂಡಲ್ ಮೇಲೆ ಸ್ವರ್ಣಲತಾ ಕೈ ಇಟ್ಟಳು.

"ಕೆಮ್ಮಣ್ಣಿನ ತವರುಮನೆಯಲ್ಲಿ ಅಣ್ಣನ ಸೈಕಲ್ ಬಿಡ್ತಿದ್ದೆ ನಾನು. ನಿಮಗೆ ಗೊತ್ತುಂಟಾ?"

ಅವನಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಇನ್ನೊಂದು ಸೈಕಲ್ ತಂದ.

ಉಡುಪಿ–ಕಾರ್ಕಳ ರಸ್ತೆಯಲ್ಲಿ ಬಸ್ಸುಗಳ ಹಾರನ್ನಿಗೆ ಹೆದರಿ ಇಬ್ಬರೂ ಅಂಚು ಹಿಡಿದು ಹಿಂದೆಮುಂದೆ ಹೋಗುತ್ತಿದ್ದರು. ಅಲ್ಲೂ ಮಾತಿಲ್ಲ. ಹೀಗಿರುವಾಗ ಹೋದ ಮಳೆಗಾಲದಲ್ಲಿ ಕುದುರೆಮುಖ ಕಾಡಿನೊಳಗಿನ ಘಾಟಿಯಲ್ಲಿ ಗುಡ್ಡ ಜಾರಿ ಅರ್ಧ ರಸ್ತೆ ಹೊಳೆಗೆ ಹೋಯಿತು. ದುರಸ್ತಿ ಮುಗಿಯುವ ತನಕ ಗಾಡಿಗಳನ್ನು ಮಾಳದ ಚೆಕ್‌ಪೋಸ್ಟಿನಲ್ಲೇ ತಡೆದರು. ಪರಿಚಯದವನ ಗೂಡ್ಸ್ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಒಂದು ಆದಿತ್ಯವಾರ ಅವರಿಬ್ಬರೂ ಅಲ್ಲಿಗೆ ಹೋದರು. ಕುಸಿದ ಜಾಗದ ತನಕ ಮಾತ್ರ, ಮಧ್ಯಾಹ್ನದೊಳಗೆ ಕೆಳಗಿಳಿಯಬೇಕು ಎಂದು ಹೇಳಿ ಗಾರ್ಡ್ ಬಿಟ್ಟ.

ಮೊದಲ ತಿರುವು ದಾಟಿದ್ದೇ ಊರಿನ ಸದ್ದು ಹಿಂದೆ ಉಳಿಯಿತು. ಎರಡೂ ಬದಿ ಪಾಚಿ ಹತ್ತಿದ ಬಂಡೆ, ಮೇಲೆ ಮರಗಳ ಚಪ್ಪರ, ಎಲ್ಲೋ ಕೆಳಗೆ ಹರಿಯುವ ನೀರು. ಚೈನಿನ ಕಿರಿಕಿರಿ ಬಿಟ್ಟರೆ ಅವರದೇ ಉಸಿರು. ಬದುಕೆಲ್ಲ ಹಿಂದಿನ ಗಾಡಿಗೆ ದಾರಿ ಬಿಟ್ಟುಕೊಟ್ಟು ಅಭ್ಯಾಸವಾಗಿದ್ದ ಭುಜಂಗ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ.

"ಯಾರೂ ಬರುದಿಲ್ಲ ಮಾರಾಯ್ರೇ," ಎಂದು ಸ್ವರ್ಣಲತಾ ನಕ್ಕಳು. "ನೀವು ಈಚೆ ಬನ್ನಿ. ರಸ್ತೆ ಇಡೀ ನಮ್ಮದೇ."

ಅವನು ಈಚೆ ಬಂದ. ಅವತ್ತು ಮೊದಲ ಸಲ ಅವರ ಸೈಕಲ್ಲುಗಳು ಅಕ್ಕಪಕ್ಕ ಹೋದವು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಎದುರು ಕುಳಿತಾಗ ಬಾರದ ಮಾತು ಹಾಗೆ ಹೋಗುವಾಗ ತಾನಾಗಿ ಬಂತು. ಪ್ರತಿ ಸಲ ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬರುವಾಗ ಪಡುಬಿದ್ರಿಯ ತನಕ ಅಳದೆ ತಡೆದುಕೊಳ್ಳುತ್ತಿದ್ದದ್ದನ್ನು ಅವಳು ಹೇಳಿದಳು. ಮಗಳಿಗೆ ಕಾಮಾಲೆಯಾದದ್ದನ್ನು ಅವನಿಂದ ಮುಚ್ಚಿಟ್ಟ ವರ್ಷದ್ದನ್ನೂ ಹೇಳಿದಳು. ಅವನು ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಮಲಗುತ್ತಿದ್ದದ್ದು, ಹಬ್ಬದ ದಿನ ಊರಿಗೆ ಫೋನ್ ಮಾಡಲು ಧೈರ್ಯ ಸಾಲದೆ ಇದ್ದದ್ದು ಹೇಳಿದ. ಏರು ಕಠಿಣವಾದಲ್ಲಿ ಇಬ್ಬರೂ ಸುಮ್ಮನಾಗುತ್ತಿದ್ದರು. ಸಮತಟ್ಟು ಬಂದೊಡನೆ ಬಿಟ್ಟಲ್ಲಿಂದ ಮಾತು ಮುಂದುವರಿಯುತ್ತಿತ್ತು.

ಆ ಮೇಲೆ ಮಳೆ ಇಲ್ಲದ ಆದಿತ್ಯವಾರವೆಲ್ಲ ಅವರು ಅಲ್ಲಿದ್ದರು. ಮಗಳಿಗೂ ಅಣ್ಣನಿಗೂ ಸ್ವರ್ಣಲತಾ ತಿಳಿಸಲಿಲ್ಲ. ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಎಂದು ಕೇಳಿಯಾರೆಂಬ ನಾಚಿಕೆ. ಆನ್ಸಿಲ್ಲಾಳಿಗೆ ಮಾತ್ರ ಎಲ್ಲ ಗೊತ್ತಿತ್ತು.

*

ಗಿರಿಜಾ ಕಂಡ ಗಾಯದ ಸುದ್ದಿ ಅವಳ ಗಂಡ ಜಯಕರನಿಗೆ ತಲುಪಿತು. ಸ್ವರ್ಣಲತಾಳ ಅಣ್ಣ ಅವನು. ಭುಜಂಗ ಪರದೇಶದಲ್ಲಿದ್ದ ಅಷ್ಟೂ ವರ್ಷ ಕೆಮ್ಮಣ್ಣಿನಿಂದ ಬಂದು ತಂಗಿಯ ಮನೆಯ ಹೆಂಚು ಸರಿಮಾಡಿಸಿದವನು, ತಂಗಿಯ ಮಗಳು ಯಶ್ಮಿತಾಳನ್ನು ಕಾಲೇಜಿಗೆ ಸೇರಿಸಿದವನು. ಅಂಗಳದಲ್ಲಿ ಚಟ್ಟ ಕಟ್ಟುವುದನ್ನು ನೋಡುತ್ತಿದ್ದ ಅವನು ನೇರ ಚಾವಡಿಗೆ ಬಂದು ಭುಜಂಗನ ಮುಂದೆ ನಿಂತ.

"ಭಾವ, ಅವಳನ್ನು ಸೈಕಲಿನಲ್ಲಿ ಘಾಟಿ ಹತ್ತಿಸಿದ್ದು ನೀವಾ?"

ಭುಜಂಗ ತಲೆ ತಗ್ಗಿಸಿದ. ಇಷ್ಟು ವರ್ಷ ತಂಗಿಯನ್ನು ಕಣ್ಣಿನಲ್ಲಿಟ್ಟು ನೋಡಿಕೊಂಡದ್ದನ್ನೂ, ಮೂರು ವರ್ಷ ಭುಜಂಗನ ಕೈಗೆ ಕೊಟ್ಟದ್ದಕ್ಕೆ ಹೀಗಾದದ್ದನ್ನೂ ಜಯಕರ ದನಿ ಏರಿಸದೆಯೇ ಹೇಳಿದ. ದನಿ ಏರಿಸಿದ್ದರೆ ಕೇಳುವವರಿಗೆ ಸುಲಭವಾಗುತ್ತಿತ್ತು.

ಆಗ ಒಳಕೋಣೆಯ ಬಾಗಿಲು ತೆರೆಯಿತು. ಯಶ್ಮಿತಾ ಬಸುರಿ, ಏಳನೆಯ ತಿಂಗಳು. ಬಸುರಿ ಹೆಣದ ಹತ್ತಿರ ಬರಬಾರದೆಂದು ಹಿರಿಯರು ಅವಳನ್ನು ಒಳಗೇ ಕೂರಿಸಿದ್ದರು. ದೂರದಿಂದ ತಾಯಿಯ ಮುಖ ತೋರಿಸಿ ಕರೆದುಕೊಂಡು ಹೋಗಿದ್ದ ಅವಳ ಗಂಡ ರೋಹಿತ್ ಈಗ ತಡೆಯಲು ಎದ್ದ. ಅವಳು ಅವನ ಕೈ ಸರಿಸಿದಳು.

"ಹೌದಾ ಪಪ್ಪ?"

ಭುಜಂಗ ತಲೆ ಎತ್ತಿದ. ಮಗಳ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಆನ್ಸಿಲ್ಲಾ ನಿಂತಿದ್ದಳು. ಏನನ್ನೋ ಹೇಳಲು ಅವಳ ಬಾಯಿ ತೆರೆದಿತ್ತು. ಭುಜಂಗ ಅವಳ ಕಡೆ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದ.

*

ಎರಡು ತಿಂಗಳ ಹಿಂದೆ, ಅದೇ ರಸ್ತೆಯಲ್ಲಿ, ಅವನ ಪಕ್ಕದಲ್ಲಿ ಸೈಕಲ್ ತುಳಿಯುತ್ತಾ ಸ್ವರ್ಣಲತಾ ಹೇಳಿದ್ದಳು. ಎದೆ ಉರಿಯೆಂದು ಡಾಕ್ಟರಿಗೆ ತೋರಿಸಿದ್ದಾಳೆ. ಹೃದಯದ ನಾಳ ಕಟ್ಟಿಕೊಂಡ ಹಾಗೆ ಕಾಣುತ್ತದೆ, ಕೂಡಲೇ ಅಡ್ಮಿಟ್ ಆಗಿ ಎಂದಿದ್ದಾರೆ.

ಭುಜಂಗ ಬ್ರೇಕ್ ಹಿಡಿದ. ನಾಳೆಯೇ ಹೋಗೋಣ ಎಂದ.

"ಯಶ್ಮಿಯ ಹೆರಿಗೆ ಆಗಲಿ," ಎಂದಳು ಅವಳು. "ಎರಡು ಸಲ ಬಸಿರು ಹೋಗಿದೆ ಅವಳಿಗೆ. ಈ ಸಲ ನಾನು ಆಸ್ಪತ್ರೆಯಲ್ಲಿ ಮಲಗಿದರೆ ಅವಳು ಸುಮ್ಮನೆ ಇರ್ತಾಳಾ? ಮಗು ಕೈಗೆ ಬಂದ ಮರುದಿನ ನಾನೇ ಬರ್ತೇನೆ. ಅವಳಿಗೋಸ್ಕರ ಕಾದದ್ದೆಂದು ಅವಳ ಕಿವಿಗೆ ಬೀಳಬಾರದು. ಈಗಲೂ, ಆಮೇಲೂ."

ಅವನು ಬೇಡಿಕೊಂಡ, ಸಿಟ್ಟು ಮಾಡಿದ. ಮನೆಗೆ ಬಂದು ಎರಡೂ ಸೈಕಲನ್ನು ಕಟ್ಟಿಗೆ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಅವಳು ಜಗಳ ಮಾಡಲಿಲ್ಲ. ಅಕ್ಕಿ ಮುಗಿದದ್ದು ಹೇಳಿದಳು, ಬಿಲ್ ಬಂದದ್ದು ಹೇಳಿದಳು. ಊಟಕ್ಕೆ ಎದುರು ಕುಳಿತರೆ ಮತ್ತೆ ಮೊದಲಿನ ಮೌನ. ಆಸ್ಪತ್ರೆಗೂ ಹೊರಡಲಿಲ್ಲ. ಎರಡು ವಾರ ಹೀಗೆ ಕಳೆದ ಮೇಲೆ ಭುಜಂಗ ತಾನೇ ಬೀಗ ತೆಗೆದ. ಏರು ತುಳಿಯುವುದಿಲ್ಲ, ತಳ್ಳಿಕೊಂಡು ನಿಧಾನ ಹತ್ತುವುದು, ಇಳಿಯುವಾಗ ಮಾತ್ರ ಕೂರುವುದು ಎಂದು ಅವಳಿಂದ ಮಾತು ತೆಗೆದುಕೊಂಡ. ಕೊನೆಯ ಆದಿತ್ಯವಾರ ಇಳಿಜಾರಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದಾಗ, ಅವನು ಓಡಿ ಬರುವಷ್ಟರಲ್ಲಿ ಅವಳು ರಸ್ತೆಯ ನಡುವೆಯೇ ಕಾಲು ಚಾಚಿ ಕುಳಿತು ನಗುತ್ತಿದ್ದಳು. ಏಳಲು ಅವಸರವಿರಲಿಲ್ಲ. ಯಾವ ಗಾಡಿಯೂ ಬರುವಂತಿರಲಿಲ್ಲ.

*

"ಹೌದು ಮಗಾ," ಎಂದ ಭುಜಂಗ. "ನಾನೇ ಕರ್ಕೊಂಡು ಹೋದದ್ದು."

ಯಶ್ಮಿತಾ ಅವನನ್ನೇ ನೋಡಿದಳು. ಇನ್ನೂ ಏನಾದರೂ ಹೇಳುತ್ತಾನೆಂದು ಕಾದಳು. ಆಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಟ್ಟ ಎತ್ತುವ ಮೊದಲು ಜಯಕರ ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದಾಗ ಆನ್ಸಿಲ್ಲಾ ಹಿಂದಿನಿಂದ ಹೋದಳು. ಭುಜಂಗಣ್ಣ ಬೇಡವೆಂದದ್ದು ಯಶ್ಮಿಯ ಎದುರು ಹೇಳಬಾರದೆಂದು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ ಎಂದಳು. ಡಾಕ್ಟರ್ ಹೇಳಿದ್ದು, ಸ್ವರ್ಣಕ್ಕ ಹೆರಿಗೆಯ ತನಕ ಕಾಯುತ್ತೇನೆಂದು ಹಟ ಹಿಡಿದದ್ದು, ಎಲ್ಲವನ್ನೂ ಚಿಕ್ಕದಾಗಿ ಹೇಳಿ, ಈ ಮಾತು ಒಳಗೆ ಹೋಗಬಾರದು ಎಂದು ಕೈಮುಗಿದಳು. ಜಯಕರ ಖಾಲಿ ಕೊಡಪಾನವನ್ನು ಕಟ್ಟೆಯ ಮೇಲಿಟ್ಟು ಅಂಗಳಕ್ಕೆ ಮರಳಿದ.

ಮನೆಯ ಕೆಳಗಿನ ಗದ್ದೆಯ ಮೂಲೆಯಲ್ಲಿ ಮಾವಿನ ಕಟ್ಟಿಗೆ ಒಟ್ಟಿದ್ದರು. ಭುಜಂಗ ಬೆಂಕಿ ಇಟ್ಟ. ಮಳೆ ಕಳೆದು ಆಕಾಶ ತಿಳಿಯಾಗಿತ್ತು. ಗಾಳಿಯಿಲ್ಲದೆ ಹೊಗೆ ನೆಟ್ಟಗೆ ಏರಿತು. ಕಟ್ಟಿಗೆ ಚೆನ್ನಾಗಿ ಹಿಡಿದ ಮೇಲೆ ಬಂದವರು ಒಬ್ಬೊಬ್ಬರಾಗಿ ಸ್ನಾನಕ್ಕೆ ಹೊರಟರು. ಭುಜಂಗ ಹೋಗಲಿಲ್ಲ. ಜಯಕರನೂ ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಜಯಕರ ಬಂದು ಭಾವನ ಪಕ್ಕ ನಿಂತ. ಮೂಡಣದ ಕಡೆ, ತೆಂಗಿನ ತಲೆಗಳ ಮೇಲೆ, ಘಟ್ಟದ ಸಾಲು ನೀಲಿಯಾಗಿ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಯಾವುದು ಭಾವ?" ಎಂದು ಜಯಕರ ಕೇಳಿದ. "ನೀವಿಬ್ಬರು ಹೋಗ್ತಿದ್ದದ್ದು?"

ಭುಜಂಗ ಕೈ ಚಾಚಿ ತೋರಿಸಿದ. "ಎದುರು ಕಾಣುವುದಲ್ಲ," ಎಂದ. "ಅದರ ಹಿಂದಿನದ್ದು."

ಹೊಗೆ ಒಳಗೆ ಬಾರದಿರಲೆಂದು ಮುಚ್ಚಿದ್ದ ಕೋಣೆಯ ಕಿಟಕಿಯನ್ನು ಯಶ್ಮಿತಾ ಅದೇ ಹೊತ್ತಿಗೆ ಒಳಗಿನಿಂದ ತೆರೆದಳು. ಬಾಳೆಗಿಡಗಳು ಅಡ್ಡವಿದ್ದು ಚಿತೆ ಅಲ್ಲಿಂದ ಕಾಣುತ್ತಿರಲಿಲ್ಲ. ಹಣೆಗೆ ಅಂಗೈ ಹಿಡಿದು ದೂರ ನೋಡುತ್ತಿದ್ದ ಸೋದರಮಾವ ಕಂಡ. ಅವನ ಪಕ್ಕದಲ್ಲಿ, ಮೂಡಣಕ್ಕೆ ಚಾಚಿ ಹಾಗೇ ನಿಂತಿದ್ದ ತಂದೆಯ ಕೈ ಕಂಡಿತು.