ನೆರಿಗೆಯೊಳಗಿನ ಕೆಂಪು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವವರು ಈ ಇಬ್ಬರನ್ನು ನೋಡಿರಲಿಕ್ಕಿಲ್ಲ. ತಾಯಿ ಇಡೀ ಶಾಲೆಗೆ ಬೂದುಬಣ್ಣದ ಯೂನಿಫಾರ್ಮ್ ಹೊಲಿದುಕೊಟ್ಟವಳು. ಒಂದು ಗುಂಡಿಯೂ ಸಾಲು ತಪ್ಪಿದ್ದಿಲ್ಲ. ಮಗಳು, ಮನೆಯವರ ಬಾಯಲ್ಲಿ ಚೂಟಿ, ಸಾಲು ತಪ್ಪಿಸುವುದನ್ನೇ ಕಸುಬು ಮಾಡಿಕೊಂಡ ಡಿಸೈನರ್.

ಅಂದು ಸಂಜೆ ಅವಳ ಫ್ಯಾಷನ್ ಶೋ. ಹನ್ನೆರಡು ಯೂನಿಫಾರ್ಮ್ ಲಂಗಗಳು. ಮೇಲೆಲ್ಲ ಬೂದು, ನೆರಿಗೆಯ ಒಳಮಡಿಕೆಯಲ್ಲಿ ಮಾತ್ರ ಕೆಂಪು ಪಟ್ಟಿ. ನೋಡುವವರಿಗೆ ಅದು ಹೊಸ ಫ್ಯಾಷನ್, ಚೂಟಿಗೆ ಹಳೆಯ ಜಗಳ.

ಹನ್ನೆರಡನೇ ವಯಸ್ಸಿನಲ್ಲಿ, ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ, ತುಂಡುಬಟ್ಟೆಯ ಬುಟ್ಟಿಯಿಂದ ಕೆಂಪು ಆರಿಸಿ, ತನ್ನ ಲಂಗದ ಪ್ರತಿ ನೆರಿಗೆಯೊಳಗೂ ಹೊಲಿದುಕೊಂಡಿದ್ದಳು. ನಿಂತರೆ ಬೂದಿ, ಓಡಿದರೆ ಕೆಂಡ. ಆ ನಾಲ್ಕು ದಿನ ಅವಳು ಎಲ್ಲಿಗೂ ನಡೆದು ಹೋಗಲೇ ಇಲ್ಲ. ಮೆಟ್ಟಿಲ ಮೇಲೂ ಓಟ, ನಲ್ಲಿಗೆ ನೀರು ಕುಡಿಯಲು ಹೋದರೂ ಓಟ. ಅಂಥ ಸುಖ ಆಮೇಲೆ ಯಾವ ಚಪ್ಪಾಳೆಯಲ್ಲೂ ಸಿಗಲಿಲ್ಲ. ಐದನೇ ದಿನ ಹೆಡ್‌ಮಿಸ್ ಅಮ್ಮನನ್ನೇ ಕರೆಸಿ, ತಮ್ಮ ಕೋಣೆಯಲ್ಲೇ ಕೂರಿಸಿ ಆ ಕೆಂಪು ಪಟ್ಟಿಗಳನ್ನೆಲ್ಲ ಅವಳ ಕೈಯಿಂದಲೇ ಬಿಚ್ಚಿಸಿದರು. ಆಟದ ಚಡ್ಡಿಯಲ್ಲಿ ಪಕ್ಕದಲ್ಲೇ ನಿಂತಿದ್ದಳು ಚೂಟಿ. ಅಮ್ಮ ತುಟಿ ಪಿಟಕ್ಕೆನ್ನದೆ ಬಿಚ್ಚಿದಳು. ಹೆಡ್‌ಮಿಸ್ಸನ್ನು ಚೂಟಿ ಎಂದೋ ಕ್ಷಮಿಸಿದ್ದಳು, ಅಮ್ಮನನ್ನಲ್ಲ.

ಅವತ್ತು ನುಂಗಿದ ಮಾತನ್ನು ಅಮ್ಮ ಇವತ್ತಾದರೂ ಆಡಬೇಕು ಎಂಬ ಒಂದೇ ಆಸೆಯಿಂದ ಚೂಟಿ ಅವಳನ್ನು ಬೆಳಗ್ಗೆಯೇ ವರ್ಕ್‌ಶಾಪಿಗೆ ಕರೆತಂದಳು. ಲಂಗಗಳ ಮುಂದೆ ಕೂರಿಸಿ, ವೇದಿಕೆಯ ದೀಪ ನೋಡಿಕೊಂಡು ಬರುವಷ್ಟರಲ್ಲಿ, ಅಮ್ಮ ಕನ್ನಡಕ ಏರಿಸಿಕೊಂಡು ಒಂದು ಲಂಗದ ಕೆಂಪು ಪಟ್ಟಿ ಬಿಚ್ಚುತ್ತಾ ಕೂತಿದ್ದಳು.

ಚೂಟಿಗೆ ಮೈಯೆಲ್ಲ ಉರಿದುಹೋಯಿತು. "ಇವತ್ತೂ ಬಿಚ್ತೀಯಾ ಅಮ್ಮ? ಈಗ ಯಾವ ಹೆಡ್‌ಮಿಸ್ ಹೇಳಿದ್ರು?"

"ಕೂಗಾಡಬೇಡ, ಕೈ ತಪ್ಪುತ್ತೆ," ಎಂದಳು ಅಮ್ಮ ತಲೆಯೆತ್ತದೆ. "ಪಟ್ಟಿ ಎರಡು ಬೆರಳು ಅಗಲ ಇಟ್ಟಿದ್ದೀಯ. ಸುಮ್ನೆ ನಿಂತ್ರೂ ಇಣುಕುತ್ತೆ. ನಿಂದು ಒಂದೇ ಬೆರಳಿತ್ತು ಕಣೇ."

ಚೂಟಿಯ ನೆನಪಿನಲ್ಲಿ ಆ ಕೆಂಪು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಲೇ ಬಂದಿತ್ತು.

"ನಿಂಗೆ ಹೇಗೆ ಗೊತ್ತು?"

"ಬಿಚ್ಚುವಾಗ ಬೆರಳಿಟ್ಟು ನೋಡ್ದೆ. ಹದಿನಾರು ನೆರಿಗೆ, ಹದಿನಾರೂ ಒಂದೇ ಅಳತೆ. ಆ ವಯಸ್ಸಲ್ಲಿ ನಂಗೆ ನೆಟ್ಟಗೆ ಸೂಜಿಗೆ ದಾರ ಪೋಣಿಸೋಕೂ ಬರ್ತಿರ್ಲಿಲ್ಲ. ಬಾಯಿ ಬಿಟ್ರೆ ಆ ಹೆಂಗಸಿನ ಮುಂದೆ ಅತ್ತುಬಿಡ್ತೀನಿ ಅಂತ ಸುಮ್ನಿದ್ದೆ."

ಚೂಟಿ ಕಣ್ಣೊರೆಸಿಕೊಂಡು, ಇನ್ನೊಂದು ಲಂಗ ಎಳೆದುಕೊಂಡು ಅಮ್ಮನ ಪಕ್ಕ ನೆಲಕ್ಕೆ ಕೂತಳು.

"ಯಾರ ಬೆರಳಲ್ಲಿ ಅಳೀಲಿ, ನಂದಾ ನಿಂದಾ?"

"ನಂದು," ಎಂದು ಅಮ್ಮ ಎಡಗೈ ಮುಂದೆ ಚಾಚಿದಳು. "ಅವತ್ತು ಅಳೆದದ್ದು ಇದೇ."