ಅಡುಗೆಮನೆ ಗೋಡೆಯ ಕಪ್ಪು

ಟೈಲ್ಸ್ ಮೇಸ್ತ್ರಿಯ ಸ್ವಂತ ಅಡುಗೆಮನೆ ಅಂದರೆ ಹೇಗಿರಬೇಕು? ಊರವರ ಗೋಡೆಗಳನ್ನೆಲ್ಲ ಫಳಫಳ ಹೊಳೆಯುವಂತೆ ಮಾಡುವ ಮನುಷ್ಯನ ಮನೆಯಲ್ಲಿ ಒಲೆಯ ಹಿಂದೆ ಸಂದಿಸಂದಿಗೂ ಕಪ್ಪು ಹಿಡಿದಿತ್ತು. ಇದಕ್ಕೆ ಕಾರಣ ಯಾರು ಅನ್ನುವುದು ಇಪ್ಪತ್ತೆರಡು ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು: ಅವನ ಹೆಂಡತಿ. ಮೊದಲು ಹಾಗಂದವರು ಅವಳ ಅತ್ತೆ. ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಮೇಸ್ತ್ರಿಯ ಅಕ್ಕ ವಹಿಸಿಕೊಂಡರು. ಬಂದಾಗಲೆಲ್ಲ ಗೋಡೆಯ ಮೇಲೆ ಬೆರಳೆಳೆದು ನೋಡಿ, ಏನೂ ಹೇಳದೆ ಕೈ ತೊಳೆದುಕೊಳ್ಳುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ತಿಕ್ಕದ ದಿನವಿರಲಿಲ್ಲ. ಸೋಪು, ಸೋಡಾ, ಆಸಿಡ್ಡು, ಹಳೆಯ ಹಲ್ಲುಜ್ಜುವ ಬ್ರಷ್ಷು, ಎಲ್ಲ ಆಯಿತು. ಕೈಯ ಚರ್ಮ ಸುಲಿಯಿತೇ ಹೊರತು ಕಪ್ಪು ಜಪ್ಪಯ್ಯ ಅಂದರೂ ಹೋಗಲಿಲ್ಲ. ಹೋದರೂ ವಾರದೊಳಗೆ ಅದೇ ಜಾಗಕ್ಕೆ, ಟೈಲ್ಸಿನ ಮೂಲೆಮೂಲೆಗೆ, ವಾಪಸ್ಸು ಬಂದು ಕೂರುತ್ತಿತ್ತು.

ಗುರುವಾರ ಊಟಕ್ಕೆ ಕೂತ ಮೇಸ್ತ್ರಿ ಹೇಳಿದ: "ಸೋಮವಾರ ಕೆಲಸದವರನ್ನ ಕರ್ಕೊಂಡು ಬಂದು ಆ ಗೋಡೆ ಒಡೆಸಿಬಿಡ್ತೀನಿ. ಹೊಸದು ಹಾಕೋಣ. ಅದನ್ನಾದ್ರೂ ನೆಟ್ಟಗೆ ಇಟ್ಕೋ."

ಕೊನೆಯ ಮಾತು ಅವಳಿಗೆ ನಾಟಿತು. ಟೈಲ್ಸ್ ಒಂದೂ ಸೀಳಿರಲಿಲ್ಲ. ಮದುವೆಯಾದ ವರ್ಷ ಅಂಗಡಿಯಲ್ಲಿ ಅವಳೇ ಆರಿಸಿದ್ದ ತಿಳಿಹಸಿರು ಬಣ್ಣದವು. ಈಗ ಗೋಡೆ ಒಡೆದರೆ ಅವಳ ಕೊಳಕುತನಕ್ಕೇ ಒಡೆದದ್ದು ಅಂತ ಶಾಶ್ವತವಾಗಿ ಉಳಿದುಬಿಡುತ್ತದೆ.

"ಭಾನುವಾರದವರೆಗೆ ಬಿಡಿ. ಸಂದಿ ಎಲ್ಲ ಕೆರೆದು ಹೊಸ ಗ್ರೌಟ್ ನಾನೇ ತುಂಬ್ತೀನಿ. ಒಂದೇ ಒಂದು ಟೈಲಿನ ಮೂಲೆ ಹಾರಿದ್ರೂ ಒಡೆಸಿ, ನಾನು ತುಟಿ ಬಿಚ್ಚಲ್ಲ."

ಮೇಸ್ತ್ರಿ ನಕ್ಕುಬಿಟ್ಟ. "ನನ್ನ ಕೆಲಸದವರ ಕೈಲೇ ಆಗಲ್ಲ ಅದು. ಆಯ್ತು, ಮಾಡು."

ಮರುದಿನ ಅವನು ಹೊರಟದ್ದೇ ತಡ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗರಗಸದ ಬ್ಲೇಡಿನ ತುಂಡು ಹಿಡಿದು ನಿಂತಳು. ಜೋರಾಗಿ ಒತ್ತಿದರೆ ಟೈಲ್ಸಿನ ಅಂಚು ಹಾರುತ್ತದೆ, ಒತ್ತದಿದ್ದರೆ ಹಳೆಯ ಸಿಮೆಂಟ್ ಜಗ್ಗುವುದಿಲ್ಲ. ಮೊದಲ ಸಾಲಿಗೇ ಒಂದು ಗಂಟೆ ಹಿಡಿಯಿತು. ಎರಡನೆಯ ಸಾಲಿನ ಮೂಲೆಯಲ್ಲಿ ಬ್ಲೇಡಿಗೆ ಮೆತ್ತಗೆ ಏನೋ ಸಿಕ್ಕಿತು. ಜಿರಲೆಯ ಕಾಲೆಂದು ಹೇಸಿ ಕೊಡವಿದಳು. ಮುಂದಿನ ಮೂಲೆಯಲ್ಲಿ ಇನ್ನೊಂದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬೆಂಕಿಕಡ್ಡಿ! ಕೊಳೆತು ಕಪ್ಪಾದ ಬೆಂಕಿಕಡ್ಡಿ.

ಅವಳೂ ಮೇಸ್ತ್ರಿಯ ಹೆಂಡತಿಯೇ, ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂದಿಗಳೆಲ್ಲ ಒಂದೇ ಅಳತೆಗೆ ಬರಲೆಂದು ಆಗ ಟೈಲ್ಸಿನ ನಡುವೆ ಕಡ್ಡಿ ಸಿಕ್ಕಿಸುತ್ತಿದ್ದರು. ಟೈಲ್ಸ್ ಗಟ್ಟಿಯಾಗಿ ಕೂತ ಮೇಲೆ ಅವನ್ನು ಕಿತ್ತು ಸಂದಿ ತುಂಬಬೇಕು. ಈ ಗೋಡೆ ಅವನು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಅಮ್ಮನಿಗೆ ತೋರಿಸುವ ಆತುರದಲ್ಲಿ ಕಡ್ಡಿ ಕೀಳದೆ ಅದರ ಮೇಲೆಯೇ ಬಿಳಿ ಸಿಮೆಂಟ್ ಬಳಿದಿದ್ದ. ನೀರು ಕುಡಿದ ಕಡ್ಡಿಗಳು ಒಳಗೇ ಕೊಳೆತು ಇಷ್ಟು ವರ್ಷ ಕಪ್ಪು ಕಾರುತ್ತಿದ್ದವು. ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಕೆಂಡದಂಥ ಸಿಟ್ಟು. ಸಿಟ್ಟೆಲ್ಲ ಬ್ಲೇಡಿಗೆ ಇಳಿಯದಂತೆ ಕೈ ಬಿಗಿಹಿಡಿದು ಕೆರೆದಳು.

ಶನಿವಾರ ಸಂಜೆ ಮೇಸ್ತ್ರಿಯ ಕಾಫಿ ಲೋಟದ ಪಕ್ಕ ಬಟ್ಟಲು ತುಂಬ ಕಡ್ಡಿ ಇಟ್ಟಳು. ಅವನು ಒಂದನ್ನೆತ್ತಿ ಬೆರಳಲ್ಲಿ ಹೊರಳಿಸಿದ. ಮುಖ ಸಪ್ಪಗಾಯಿತು. ಸಂದಿಯಲ್ಲಿ ಒಂದು ಚೂರು ಕಸ ಬಿಟ್ಟರೂ ಕೆಲಸದವರ ಜನ್ಮ ಜಾಲಾಡುವ ಆಸಾಮಿ ಕಮಕ್ ಕಿಮಕ್ ಅನ್ನದೆ ಕಾಫಿ ಕುಡಿದು ಎದ್ದುಹೋದ. ಅವಳೂ ಕೆದಕಲಿಲ್ಲ. ಕೇಳಿ ಪಡೆಯುವ ಮಾತು ಅವಳಿಗೆ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಂದಿಗಳನ್ನು ಒದ್ದೆ ಮಾಡಿ, ಕಲಸಿದ ಗ್ರೌಟನ್ನು ರಬ್ಬರ್ ಪಟ್ಟಿಯಿಂದ ಓರೆಯಾಗಿ ಒತ್ತಿ ತುಂಬಿದಳು. ಸ್ಪಂಜನ್ನು ಚೆನ್ನಾಗಿ ಹಿಂಡಿ ಒರೆಸಿದಳು, ಟೈಲ್ಸಿನ ಮೇಲೆ ಉಳಿದ ಬಿಳಿ ಪುಡಿಯನ್ನು ಒಣಬಟ್ಟೆಯಲ್ಲಿ ತಿಕ್ಕಿದಳು. ದೂರ ನಿಂತು ನೋಡಿದರೆ ತನ್ನ ದೃಷ್ಟಿಯೇ ತಾಗೀತು ಅನ್ನುವಷ್ಟು ಚೆಂದ.

ಮಧ್ಯಾಹ್ನ ಮೇಸ್ತ್ರಿಯ ಅಕ್ಕ ಬಂದರು. ಅಭ್ಯಾಸಬಲದಿಂದ ಬೆರಳು ಮುಂದೆ ಬಂತು.

"ಹಸಿ ಇದೆ ಅತ್ತಿಗೆ, ಮುಟ್ಬೇಡಿ."

ಅವರು ತಮ್ಮನ ಕಡೆ ತಿರುಗಿದರು. "ಯಾರನ್ನ ಕರೆಸಿದ್ಯೋ? ಒಳ್ಳೇ ಕೈ. ಇವಳು ಎಷ್ಟು ದಿನ ಹೀಗೆ ಇಟ್ಕೋತಾಳೋ ನೋಡೋಣ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಒಳಗೆ ಬಂದ. "ಯಾರನ್ನೂ ಕರೆಸಿಲ್ಲ ಅಕ್ಕ. ಇವಳೇ ಮಾಡಿದ್ದು. ಒಂದು ಅಂಚೂ ಹಾರಿಲ್ಲ. ನನ್ನ ಕೈಲೂ ಇಷ್ಟು ನೀಟಾಗಿ ಬರ್ತಿರಲಿಲ್ಲ." ಗೋಡೆಯ ಕಡೆ ಕೈ ತೋರಿಸಿ ಮತ್ತೆ ಅಂದ: "ಆ ಕಪ್ಪೂ ಇವಳದಲ್ಲ. ನಾನು ಕಡ್ಡಿ ಕೀಳದೆ ಸಿಮೆಂಟ್ ಬಳಿದಿದ್ದೆ, ಅದು ಕೊಳೆತಿದ್ದು. ಅಮ್ಮ ಇವಳನ್ನ ಅಂದ್ರು, ನೀನು ಬೆರಳೆಳೆದು ನೋಡಿದೆ, ನಾನೂ ಅಂದೆ. ತಪ್ಪು ನಂದು."

ಅಕ್ಕ ಚಾಚಿದ್ದ ಬೆರಳನ್ನು ಮಡಚಿಕೊಂಡರು. ಅವಳ ಎದೆ ಹೆಮ್ಮೆಯಿಂದ ಉಬ್ಬಿತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಎಷ್ಟೋ ವರ್ಷಗಳಿಂದ ಕೂಡಿಟ್ಟಿದ್ದ ಉತ್ತರಗಳಲ್ಲಿ ಒಂದೂ ಈಗ ಬೇಕೆನಿಸಲಿಲ್ಲ.

"ಮಾತೆಲ್ಲ ಹೊರಗೆ. ಇದು ಒಣಗಬೇಕು. ನಾಳೆ ಬೆಳಿಗ್ಗೆವರೆಗೆ ಇಲ್ಲಿ ಯಾರೂ ಕಾಲಿಡೋ ಹಾಗಿಲ್ಲ. ಮೇಸ್ತ್ರಿಗಳೂ ಅಷ್ಟೇ, ನಡೀರಿ."

ಮೇಸ್ತ್ರಿ ಅಕ್ಕನನ್ನು ಕರೆದುಕೊಂಡು ತೆಪ್ಪಗೆ ಹೊರನಡೆದ. ಅವಳು ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲ್ ಎಳೆದು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಳು.